ಮೆಟ್ಟಿಲಿಳಿದು ಬಂದ ಡೈರಿ ಸಭೆ

ಸ್ನೇಹಿತರೇ, ದೇವಲಾಪುರದ ಹತ್ತಿರದ ನಮ್ಮೂರ ಹಾಲಿನ ಡೈರಿಯಲ್ಲಿ ಇವತ್ತು ವಾರ್ಷಿಕ ಸಭೆ, ಎಂದಿನಂತೆ ಮಹಡಿ ಮೇಲೆ. ನಾನು ಗಾಲಿಕುರ್ಚಿಯವಳು. ಪ್ರತಿ ವರ್ಷ ಕೆಳಗೇ ಸಹಿ ಹಾಕಿಸಿಕೊಂಡು, ಕೈಗೊಂದು ಖಾರಾಬಾತಿನ ಪೊಟ್ಟಣ ಕೊಟ್ಟು ಕಳಿಸುತ್ತಾರೆ.

ಇವತ್ತು ಪೊಟ್ಟಣ ಮುಟ್ಟಲಿಲ್ಲ. "ನಾನೂ ಸಭೇಲಿ ಮಾತಾಡ್ಬೇಕು ಕಣಣ್ಣ" ಎಂದೆ.

ಕಾರ್ಯದರ್ಶಿ ಶಿವಲಿಂಗಣ್ಣ ತೋಳು ಮಡಿಸಿದ. "ಅದ್ಕೇನವ್ವ, ನಾಕ್ ಜನ ಕುರ್ಚಿ ಸಮೇತ ಎತ್ಕೊಂಡ್ ಓಯ್ತೀವಿ, ದೇವ್ರ ಒತ್ತಂಗೆ!"

ಪ್ರೀತಿಯಿಂದಲೇ ಅಂದದ್ದು. ಆದರೂ ಸಿಟ್ಟು ಬಂತು.

"ನಾನು ದೇವ್ರಲ್ಲ, ಮೆಂಬರು. ಅಂಗವಿಕಲರು ಬರೋ ಅಂಗೆ ಮಾಡ್ಲೇಬೇಕು, ಮನಸ್ಸಿದ್ರೆ ಮಾಡಿ ಅನ್ನಂಗಿಲ್ಲ ಅಂತ ಸುಪ್ರೀಂ ಕೋರ್ಟೇ ಅಂದದೆ. ನಾನ್ ಮೇಲಕ್ ಬರಾಕಿಲ್ಲ. ಸಭೆನೇ ಕೆಳೀಕೆ ಬರ್ಲಿ."

ಅರ್ಧ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ ಅಧ್ಯಕ್ಷ ಬೋರೇಗೌಡರು ತಕ್ಷಣ ಕೂಗಿದರು: "ಕೇಳಿಸ್ನಿಲ್ವೇನ್ರಲಾ? ಕುರ್ಚಿಗಳ ಕೆಳೀಕೆ ತನ್ನಿ!"

ಹಾಲಿನ ಕ್ಯಾನುಗಳನ್ನು ಬದಿಗೆ ಸರಿಸಿ ಅಂಗಳದಲ್ಲೇ ಸಭೆ ಕೂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕೈ ಎತ್ತಿದೆ. ದನದ ಡಾಕ್ಟರು ವಾರಕ್ಕೊಮ್ಮೆ ನಮ್ಮೂರಿಗೂ ಬರುವಂತೆ ಮಾಡಿ ಎಂದೆ. ಎಲ್ಲರೂ ಒಪ್ಪಿದರು. ಮುಂದಿನ ವರ್ಷದ ಸಭೆಯೂ ಕೆಳಗೇ ಎಂದು ಬರೆಸಿದೆವು.

ಹೊರಡುವಾಗ ಅಧ್ಯಕ್ಷರು ಮಂಡಿ ನೀವಿಕೊಳ್ಳುತ್ತಾ ಹತ್ತಿರ ಬಂದರು. "ಈ ಕಾನೂನ ಮೊದ್ಲೇ ಏಳ್ಬಾರ್ದಿತ್ತೇನವ್ವ? ಮೆಟ್ಲು ಅತ್ತಿ ಅತ್ತಿ ಸತ್ತೋದೆ!"

ಕಾನೂನು ಬಂದದ್ದು ನನಗೆಂದು. ನಮ್ಮೂರಿನ ಮೊದಲ ಫಲಾನುಭವಿ ಮಾತ್ರ ಗೌಡರ ಮಂಡಿ.