ಎಲ್ಲೂ ಜಾಗ ಇಲ್ಲ!

‘ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ’ ಎಂದು ಮೈಸೂರಿನಲ್ಲಿ ಅಮ್ಮ ಬೈಯುತ್ತಿದ್ದಳು. ಈಗ ನಿಜವಾಗಿಯೂ ಕಟ್ಟಿಕೊಂಡಿದ್ದೇನೆ. ಆದರೆ ಉರುಳಲು ಜಾಗವಿಲ್ಲ.

ನಾಲ್ಕು ವರ್ಷ ಫಿನ್‌ಲ್ಯಾಂಡಿನಲ್ಲಿದ್ದಾಗ ಸ್ಕೀ ಹುಚ್ಚು ಹಿಡಿಯಿತು. ಬೆಟ್ಟದಿಂದ ಜಾರುವ ಸ್ಕೀ ಅಲ್ಲ, ಹಿಮ ಬಿದ್ದ ಕಾಡುದಾರಿಯಲ್ಲಿ ಮೈಲಿಗಟ್ಟಲೆ ಹೋಗುವುದು. ಈಗ ಇರುವುದು ಮಲೇಷಿಯಾದ ಪುಚೊಂಗ್‌ನಲ್ಲಿ. ಇಲ್ಲಿ ಹಿಮ ಸಿಗುವುದು ಫ್ರಿಡ್ಜ್‌ನಲ್ಲಿ ಮಾತ್ರ. ಅದಕ್ಕೇ ಚಕ್ರದ ಸ್ಕೀ: ಉದ್ದನೆಯ ಪಟ್ಟಿ, ಹಿಂದೊಂದು ಮುಂದೊಂದು ಚಕ್ರ, ಕೈಗೆ ಎರಡು ಕೋಲು. (ಲಿಫ್ಟ್‌ನಲ್ಲಿ ಕೋಲು ಕಂಡ ತಮಿಳು ಆಂಟಿ, ‘ಐಯೋ ಪಾವಂ, ಆಪರೇಶನಾ?’ ಎಂದರು.)

ಹುಡುಕುತ್ತಿದ್ದದ್ದು ಒಂದೇ ಒಂದು ಕಿಲೋಮೀಟರ್ ಟಾರು. ಹೆಚ್ಚಾಯಿತೇ? ಕಾಂಡೋ ಪಾರ್ಕಿಂಗ್‌ನಲ್ಲಿ ಬೇಡವೆಂದರು. ಕೆರೆಯ ಪಾರ್ಕ್‌ನಲ್ಲಿ ಚಕ್ರವಿರುವುದೆಲ್ಲ ನಿಷಿದ್ಧ. ರಸ್ತೆಗಿಳಿಯೋಣವೆಂದರೆ ಜೀವದ ಆಸೆ ಇನ್ನೂ ಇದೆ.

‘ಅಮ್ಮಾ, ಜಸ್ಟ್ ಯೂಸ್ ದ ಟ್ರೆಡ್‌ಮಿಲ್ ಲಾ’ ಎಂದಳು ಮಗಳು, ಇಲ್ಲಿಯವರ ಹಾಗೇ ಕೊನೆಗೊಂದು ‘ಲಾ’ ಸೇರಿಸಿ. ಎಷ್ಟು ಓಡಿದರೂ ಎದುರಿಗೆ ಅದೇ ಗೋಡೆ! ಆಫೀಸಿನಲ್ಲಿ ಸ್ಕ್ರೀನ್, ಮನೆಯಲ್ಲಿ ಗೋಡೆ, ನಡುವೆ ಕಾರು. ಹೀಗೇ ಆದರೆ ಯಾರನ್ನಾದರೂ ಕಚ್ಚಿಬಿಡುತ್ತೇನೆ ಎನ್ನಿಸಿತ್ತು. ತಟ್ಟೆ ಕುಕ್ಕಿದ್ದಕ್ಕೆ ಗಂಡ ಎರಡು ದಿನ ಮಾತು ಬಿಟ್ಟಿದ್ದರು.

ಮೊನ್ನೆ ಭಾನುವಾರ ಬೆಳಿಗ್ಗೆ ಸೈಬರ್‌ಜಯಾಕ್ಕೆ ಹೋದೆ. (ಕಾಲಾಡಿಸಲು ಜಾಗ ಹುಡುಕುವುದಕ್ಕೂ ಕಾರೇ!) ಒಂದು ಆಫೀಸಿನ ಹಿಂದೆ ಫುಟ್‌ಬಾಲ್ ಮೈದಾನದಷ್ಟು ಪಾರ್ಕಿಂಗ್, ಪೂರ್ತಿ ಖಾಲಿ. ಆದರೆ ಗೇಟಿಗೆ ಸರಪಳಿ. ಅಷ್ಟರಲ್ಲಿ ಗಂಡನ ಫೋನ್: ‘ಸಿಕ್ತೇನೇ?’

ಪಿತ್ತ ನೆತ್ತಿಗೇರಿತು. ‘ಜಾಗ ಇಲ್ಲ ಕಣ್ರೀ! ಜಾಗ, ಜಾಗ ಅಂತ ಬಾಯಿ ಬಡ್ಕೊಂಡ್ರೂ ಎಲ್ಲೂ ಜಾಗ ಇಲ್ಲ!’

‘ಅಡಾ, ಕಾಕ್! ಜಾಗ ಅಡಾ!’

ಗೇಟಿನಾಚೆ ಕಂಬದ ಹಿಂದಿನಿಂದ ವಯಸ್ಸಾದ ವಾಚ್‌ಮನ್ ಒಬ್ಬರು ಓಡಿಬಂದರು. ಕೈಯಲ್ಲಿ ತಿಂಡಿ ಪೊಟ್ಟಣ, ಒಂದೇ ಕಾಲಿಗೆ ಶೂ.

ಮಲಯ ಭಾಷೆಯಲ್ಲಿ ‘ಜಾಗ’ ಅಂದರೆ ವಾಚ್‌ಮನ್. ‘ಇದೀನಿ ಅಕ್ಕಾ, ವಾಚ್‌ಮನ್ ಇದೀನಿ’ ಅನ್ನುತ್ತಿದ್ದಾರೆ! ನಾನು ಅವರ ಬಾಸ್‌ಗೆ ದೂರು ಕೊಡುತ್ತಿದ್ದೇನೆ ಎಂದುಕೊಂಡು ಪಾಪ, ಬೆವತುಹೋಗಿದ್ದರು.

‘ನೋ ಕಂಪ್ಲೇನ್ ಲಾ, ಕಾಕ್. ಐ ಮಕಾನ್ ಓನ್ಲಿ’ ಎಂದು, ತಿನ್ನುತ್ತಿದ್ದೆ ಅಷ್ಟೇ ಎಂಬಂತೆ ಪೊಟ್ಟಣ ತೋರಿಸಿದರು.

ನಾನು ಸ್ಕೀ ತೋರಿಸಿದೆ. ‘ನೋ ಕಂಪ್ಲೇನ್, ಅಂಕಲ್. ಹಾಫ್ ಅವರ್, ಕ್ಯಾನ್?’

‘ಕ್ಯಾನ್, ಕ್ಯಾನ್!’ ಸರಪಳಿ ಬಿಚ್ಚಿತು. (ಬ್ಲ್ಯಾಕ್‌ಮೇಲ್ ಅಂತೀರಾ? ಅನ್ನಿ.)

ಹತ್ತು ಸುತ್ತು ಹೊಡೆದೆ. ಮೊದಲ ಸುತ್ತಿಗೆ ಮೊಣಕಾಲು ಗೊಣಗಿತು, ಮೂರನೆಯದಕ್ಕೆ ಉಸಿರು ಹದಕ್ಕೆ ಬಂತು. ಎಷ್ಟೋ ತಿಂಗಳ ಮೇಲೆ ತಲೆಯೊಳಗಿನ ಗದ್ದಲ ನಿಂತಿತು. ಖುಷಿಗೆ ಅಳುವೇ ಬಂತು ಕಣ್ರೀ. ಅಂಕಲ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಳಿದ ತಿಂಡಿ ಮುಗಿಸಿದರು.

ಹೊರಡುವಾಗ, ಮುಂದಿನ ಭಾನುವಾರವೂ ಬರಲೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಅವತ್ತು ಅವರಿಗೆ ರಜೆ, ಗೇಟಿಗೆ ಬೀಗ.

‘ನೆಕ್ಸ್ಟ್ ಸಂಡೇ ನೋ ಜಾಗ ಲಾ, ಕಾಕ್.’

ಎರಡೂ ಭಾಷೆಯಲ್ಲಿ ಸರಿಯಾಗಿಯೇ ಹೇಳಿದರು. ಭಾನುವಾರ ಹತ್ತಿರ ಬಂತು, ಕಾಲು ಆಗಲೇ ತುಡಿಯುತ್ತಿದೆ. ನಿಮ್ಮ ಕಡೆ ಜಾಗ ಇದೆಯಾ, ಯಾವ ಭಾಷೆಯದಾದರೂ ಸರಿ?