ಕಡೆಯ ಎಲೆಯ ಖಾಲಿ ಚೌಕ

ಕಳೆದ ವಾರ ಕಿನ್ನರ ಊರಿನ ಕಡೆಯವರೊಬ್ಬರು ತಮ್ಮ ಅಜ್ಜನ ಜಾತಕ ತಂದಿದ್ದರು. ಮಡಿಕೆಯಲ್ಲಿ ಹರಿದ ಕಾಗದ. ಯಾವ ಕಾಲದಲ್ಲೋ ಯಾರೋ ಹಿಂಬದಿಗೆ ಗೇರುಮರದ ಗೋಂದು ಹಚ್ಚಿ ತೇಪೆ ಹಾಕಿದ್ದರು. ನನ್ನ ಲ್ಯಾಮಿನೇಷನ್ ಮಷೀನು ಕಾದಿತ್ತು. ಕಾಗದವನ್ನು ಅದರ ಬಾಯಿಯ ಹತ್ತಿರ ಹಿಡಿದೆ, ಅಷ್ಟೇ. ಬಿಸಿಗೆ ಗೋಂದಿನ ವಾಸನೆ ಎದ್ದಿತು. ತುಸು ಹುಳಿ, ತುಸು ಸೀದ ಬೆಲ್ಲ... ನನ್ನ ಕೈ ಅಲ್ಲೇ ನಿಂತಿತು.

ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡು, ಸತ್ತವರ ಫೋಟೋ, ಏನು ತಂದರೂ ಪ್ಲಾಸ್ಟಿಕ್ಕಿನೊಳಗೆ ಹಾಕಿ ಒತ್ತಿ ಕೊಡುವುದು ನನ್ನ ಕಸುಬು. ಇಷ್ಟು ವರ್ಷದಲ್ಲಿ ಈ ಮಷೀನಿನ ಬಾಯಿಗೆ ಎಷ್ಟು ಕಾಗದ ಹಾಕಿದ್ದೇನೋ ಲೆಕ್ಕವಿಲ್ಲ. ಹಾಕಬಾರದಿದ್ದದ್ದು ಒಂದೇ ಒಂದು ಕಟ್ಟು. ಅದು ಅಕ್ಕೋರದ್ದು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಚಿತ್ರಕಲೆಯ ಅಕ್ಕೋರು. ರಿಟೈರ್ ಆದ ಮೇಲೆ ಭಾವಿಕೇರಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಗದ್ದೆ ಆಚೆ ತಮ್ಮ ತಂಗಿಯ ಜೊತೆ ಇದ್ದರು. ಶಾಲೆಯಲ್ಲಿ ನನಗೂ ಕಲಿಸಿದ್ದರು, ಆದರೆ ನಾನು ಬರೆದ ಆನೆಯನ್ನು ಅವರು ಎಮ್ಮೆ ಎಂದೇ ತಿಳಿದು ನಂಬರು ಕೊಟ್ಟವರು. ಅವರು ಮೊದಲ ಸಲ ಅಂಗಡಿಗೆ ಬಂದಾಗ ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟಿತ್ತು. ಒಳಗೆ ಉದ್ದುದ್ದನೆಯ ಬಿಡಿ ಹಾಳೆಗಳು, ಎರಡೂ ಬದಿಗೆ ಮರದ ಹಲಗೆ. ಅದು ಅವರ ಮನೆತನದ ಪೋಥಿ, ಕೈಬರಹದ ಹಳೆಯ ಪುಸ್ತಕ. ಝೆರಾಕ್ಸ್ ತೆಗೆಸಲೆಂದು ತಂದಿದ್ದರು.

“ತಮಾ, ಈ ಮಷೀನಿನ ಬೆಳಕಿಗೆ ಬಣ್ಣ ಹೋಗೂದಿಲ್ಲಲಾ?” ಎಂದು ಕೇಳಿದರು.

“ಅಕ್ಕೋರೆ, ದಿನಾ ನೋಡಿ ನೋಡಿ ನನ್ನ ಕಣ್ಣೇ ಹೋಗ್ಲಿಲ್ಲ, ನಿಮ್ಮ ಬಣ್ಣ ಎಲ್ಲಿಂದ ಹೋಗ್ತದೆ?” ಎಂದು ನಕ್ಕೆ. ಅವರು ನಗಲಿಲ್ಲ. ಬಿಳಿ ಸೆರಗಿನಿಂದ ಮಷೀನಿನ ಗಾಜನ್ನು ಮೂರು ಸಲ ಒರೆಸಿದ ಮೇಲೆಯೇ ಮೊದಲ ಹಾಳೆ ಇಟ್ಟರು.

ಆ ಪೋಥಿಯ ಸುದ್ದಿ ನಮ್ಮ ಊರಿನವರಿಗೆಲ್ಲ ಗೊತ್ತಿತ್ತು. ದೇವಿಯೊಬ್ಬಳು ದೋಣಿಯಲ್ಲಿ ಕುಳಿತು, ಯಾವ ಊರಿನಲ್ಲೂ ಜಾಗ ಸಿಗದೆ, ಕಡೆಗೆ ನಮ್ಮ ದಡಕ್ಕೆ ಬಂದು ಕಾಲಿಟ್ಟ ಕಥೆ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಅದನ್ನು ಓದುತ್ತಿದ್ದರು. ನಾವು ಅವಲಕ್ಕಿ ಪ್ರಸಾದದ ಆಸೆಗೆ ಹೋಗಿ ಕೂರುತ್ತಿದ್ದೆವು. ಬರೆದವರು ಅಕ್ಕೋರ ಅಜ್ಜನ ಅಜ್ಜ. ಆ ಕಾಲದಲ್ಲಿ ಬರೆಯುವವ ಬೇರೆ, ಚಿತ್ರ ಹಾಕುವವ ಬೇರೆ. ಬರೆಯುವವ ಅಕ್ಷರ ಬರೆದು, ಚಿತ್ರ ಬರಬೇಕಾದಲ್ಲಿ ಗೆರೆ ಎಳೆದು ಚೌಕ ಬಿಡುತ್ತಿದ್ದ. ಈ ಅಜ್ಜ ಹನ್ನೆರಡು ಚೌಕ ಬಿಟ್ಟಿದ್ದ. ಚಿತ್ರ ಹಾಕುವವ ಗೋವೆಯ ಕಡೆಯಿಂದ ದೋಣಿಯಲ್ಲಿ ಬರಬೇಕಿತ್ತಂತೆ. ಬರಲಿಲ್ಲ. ದಾರಿಯಲ್ಲಿ ಮುಳುಗಿದನೋ, ಇವರನ್ನು ಮರೆತನೋ... ಅಜ್ಜ ಕಾದು ಕಾದು ಸತ್ತ. ಆಮೇಲಿನವರು ಹನ್ನೆರಡು ಖಾಲಿ ಚೌಕಗಳಿದ್ದ ಪೋಥಿಯನ್ನೇ ಓದುತ್ತ ಬಂದರು. ಖಾಲಿ ಚೌಕ ಬಂದಾಗೆಲ್ಲ ಓದು ನಿಲ್ಲಿಸಿ ಅದರ ಮೇಲೊಂದು ಅಬ್ಬಲಿಗೆ ಹೂ ಇಡುವುದು ಆ ಮನೆಯ ರೂಢಿ.

ಅಕ್ಕೋರು ಮದುವೆಯಾಗಲಿಲ್ಲ. ಚಿತ್ರಕಲೆ ಕಲಿತದ್ದೇ ಆ ಚೌಕಗಳಿಗಾಗಿ ಎಂದು ಅವರ ತಂಗಿ ಹೇಳುತ್ತಿದ್ದಳು. ರಿಟೈರ್ ಆದ ಮೇಲೆ ವರ್ಷಕ್ಕೊಂದು ಚೌಕ, ಅಷ್ಟೇ. ಅಂಗಡಿಯ ಬಣ್ಣ ಮುಟ್ಟುತ್ತಿರಲಿಲ್ಲ. ಕಪ್ಪಿಗೆ ದೀಪದ ಕಾಡಿಗೆ, ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಅಂಟಿಗೆ ಗೇರುಮರದ ಗೋಂದು. ಚಿನ್ನದ ರೇಕು ಅಂಟಿಸಿ ಕವಡೆಯಿಂದ ಉಜ್ಜುತ್ತಿದ್ದರು. ತಂಗಿ ಬಳಚು ಎಂಬ ಚಿಪ್ಪುಮೀನಿನ ಸಾರು ಮಾಡಿದ ದಿನ ಚಿಪ್ಪೆಲ್ಲ ತೊಳೆದು ಒಣಗಿಸಿಟ್ಟುಕೊಳ್ಳುವರು. ಒಂದೊಂದು ಚಿಪ್ಪಿಗೆ ಒಂದೊಂದು ಬಣ್ಣ. ಹಾರವಾಡದಿಂದ ಮೀನು ತರುವ ಹೆಂಗಸು ಇವರಿಗೆಂದೇ ದೊಡ್ಡ ಚಿಪ್ಪು ಆರಿಸಿಕೊಡುತ್ತಿದ್ದಳು.

ಕರೆಂಟು ಹೋದರೆ ನನಗೆ ಪಾಠ. ಮಷೀನು ನಿಂತಿತೆಂದರೆ ಅಕ್ಕೋರು ಸ್ಟೂಲಿನ ಮೇಲೆ ಕುಳಿತು ಪೋಥಿ ಬಿಚ್ಚುತ್ತಿದ್ದರು. ಕಾಗದವಾದರೂ ಅದನ್ನು ಅವರು ಎಲೆ ಎಂದೇ ಕರೆಯುವುದು. ಮೊದಲು ತಾಳೆಯ ಗರಿಯಿತ್ತು. ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದು ಮಸಿ ತಿಕ್ಕುವುದು, ಬಣ್ಣಕ್ಕೆ ಜಾಗವೇ ಕಡಿಮೆ. ಆಮೇಲೆ ಕಾಗದ ಬಂತು, ಬಣ್ಣ ಬಂತು, ಚಿನ್ನ ಬಂತು. ಆದರೂ ಮನುಷ್ಯ ಗರಿಯ ಆಕಾರ ಬಿಡಲಿಲ್ಲ, ಕಾಗದವನ್ನೂ ಉದ್ದುದ್ದವೇ ಕತ್ತರಿಸಿದ. ಗರಿಯ ನಡುವೆ ದಾರ ಪೋಣಿಸುವ ತೂತಿರುತ್ತಿತ್ತಲ್ಲ, ಕಾಗದದಲ್ಲಿ ತೂತು ಬೇಡವಾದರೂ ಆ ಜಾಗದಲ್ಲಿ ಒಂದು ಕೆಂಪು ಬೊಟ್ಟು ಇಟ್ಟ. ಅಜ್ಜನ ಪೋಥಿಯ ಪ್ರತಿ ಎಲೆಯ ನಡುವೆ ಆ ಬೊಟ್ಟಿತ್ತು. ಅದರ ಮೇಲೆ ಬೆರಳಿಟ್ಟು ಅವರು ಹೇಳುತ್ತಿದ್ದರು, “ನೋಡು, ತೂತು ಹೋದ್ರೂ ತೂತಿನ ನೆನಪು ಹೋಗ್ಲಿಲ್ಲ.” ಆಮೇಲೆ ಅಚ್ಚು ಬಂತು, ಬಣ್ಣ ಹಾಕುವವರ ಹೊಟ್ಟೆಗೆ ಕಲ್ಲು ಬಿತ್ತು. ಕಡೆಗೆ ಬಂದವನು ನಾನು, ನನ್ನ ಮಷೀನು.

ಆಗಲೇ ಒಂದು ದಿನ ನಾನು ಹೇಳಿದ್ದೆ, ಅಕ್ಕೋರೆ, ಇದನ್ನು ಲ್ಯಾಮಿನೇಷನ್ ಮಾಡಿಬಿಡೋಣ, ನಮ್ಮ ಮಳೆಗೆ ಗೋಡೆಯೇ ಹಸಿರಾಗುತ್ತದೆ, ಕಾಗದ ಯಾವ ಲೆಕ್ಕ ಎಂದು. ಅವರು ಗಂಟು ಎದೆಗೊತ್ತಿಕೊಂಡರು.

“ಬ್ಯಾಡ ಮಾರಾಯಾ. ಕಾಗದಕ್ಕೂ ಉಸಿರು ಬೇಕು. ಉಸಿರು ಕಟ್ಟಿಸಿದ್ರೆ ನಾ ಬಣ್ಣ ಹಚ್ಚೂದು ಯಾವುದ್ಕೆ?”

ಇದನ್ನು ನಾನು ಕೇಳಿದ್ದೆ. ಕೇಳಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಹನ್ನೊಂದು ಚೌಕ ತುಂಬಿತ್ತು. ಕಡೆಯ ಎಲೆಯ ಚೌಕವೊಂದು ಉಳಿದಿತ್ತು. ದೇವಿ ದೋಣಿಯಿಂದಿಳಿದು ದಡಕ್ಕೆ ಕಾಲಿಡುವ ಚಿತ್ರ. ಅಷ್ಟರಲ್ಲಿ ಅಕ್ಕೋರ ಕಣ್ಣಿಗೆ ಪೊರೆ ಬಂತು. ಮಂಜುಗಣ್ಣಿನಲ್ಲಿ ಆ ಪಾದ ಬರೆಯಲಾರೆ ಎಂದರು. ಎರಡು ಶ್ರಾವಣ ಹಾಗೇ ಹೂವಿಟ್ಟು ಕಳೆಯಿತು. ಮೂರನೆಯದಕ್ಕೆ ಮುಂಚೆ ಆಪರೇಷನ್ನಿಗೆಂದು ಕಾರವಾರಕ್ಕೆ ಹೋದರು. ಹೋಗುವಾಗ ಬಸ್ಸು ಹತ್ತುವ ಮೊದಲು ಅಂಗಡಿಗೆ ಬಂದು, ಕಣ್ಣು ಬಂದ ಕೂಡಲೇ ಪಾದ ಬರೆಯುತ್ತೇನೆ, ನಿನಗೇ ಮೊದಲು ತೋರಿಸುತ್ತೇನೆ ಎಂದು ಹೇಳಿಹೋದರು. ಅಷ್ಟು ಖುಷಿಯಾಗಿ ನಾನು ಅವರನ್ನು ನೋಡಿದ್ದೇ ಇಲ್ಲ.

ಮಳೆ ಹೊಯ್ಯುತ್ತಿತ್ತು. ಎರಡನೇ ದಿನ ಅವರ ತಂಗಿ ಗಂಟು ಹಿಡಿದು ಓಡಿಬಂದಳು. ಹಂಚು ಸರಿದು ನೀರು ಹನಿದಿದೆ, ಕಟ್ಟಿನೊಳಗೆ ಹುಳ ಕಂಡಿದೆ.

“ಅಕ್ಕ ಬರೂದ್ರೊಳಗೆ ಎಂತಾದ್ರೂ ಮಾಡು ತಮಾ. ಹುಳ ತಿಂದದ್ದು ನೋಡಿದ್ರೆ ಅವಳ ಜೀವ ನಿಲ್ಲೂದಿಲ್ಲ.”

ಹಾಳೆಗಳನ್ನು ಫ್ಯಾನಿನ ಕೆಳಗೆ ಹರಡಿ, ಹುಳ ಕೊಡವಿ, ಬೇರೆ ಬಟ್ಟೆ ಸುತ್ತಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಅತಿ ಬುದ್ಧಿ. ಅಕ್ಕೋರು ಬಂದು ನೋಡಿ ಬೆರಗಾಗಬೇಕು, ಇನ್ನು ನೂರು ವರ್ಷ ಹುಳವಿಲ್ಲ, ಮಳೆಯಿಲ್ಲ ಎಂದು ನೆಮ್ಮದಿಯ ಉಸಿರು ಬಿಡಬೇಕು, ಇಷ್ಟೇ ನನ್ನ ತಲೆಯಲ್ಲಿ. ಒಳ್ಳೆಯ ದಪ್ಪ ಪ್ಲಾಸ್ಟಿಕ್ಕು ಆರಿಸಿದೆ. ಗಿರಾಕಿಗಳನ್ನು ವಾಪಸು ಕಳಿಸಿದೆ. ಇಡೀ ದಿನ ಕೂತು ಒಂದೊಂದೇ ಎಲೆ ಮಷೀನಿಗೆ ಕೊಟ್ಟೆ. ಅಂಗಡಿ ತುಂಬ ಬಿಸಿ ಗೋಂದಿನ ವಾಸನೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಕಡೆಯ ಎಲೆಯನ್ನು ಕೈಯಲ್ಲಿ ಹಿಡಿದಾಗ ಅದರ ಖಾಲಿ ಚೌಕ ನನಗೆ ಕಂಡಿತ್ತು. ಕಂಡಿತ್ತು... ಕಂಡೂ ಹಾಕಿದೆ. ಒಂದು ಎಲೆ ಬಿಟ್ಟರೆ ಕೆಲಸ ಅರ್ಧ ಆಗುತ್ತದಲ್ಲ ಎಂದುಕೊಂಡೆ.

ನಾಲ್ಕನೇ ದಿನ ಅಕ್ಕೋರು ಬಂದರು. ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಬಸ್ಸಿನಿಂದಿಳಿದು ಮನೆಗೂ ಹೋಗದೆ ಅಂಗಡಿಗೇ ಬಂದಿದ್ದರು. ದೂರದ ಬೋರ್ಡುಗಳನ್ನೆಲ್ಲ ಓದಿ ಹೇಳಿದರು. ನಾನು ಹೆಮ್ಮೆಯಿಂದ ಕಟ್ಟು ತೆಗೆದು ಅವರ ಮುಂದಿಟ್ಟೆ. ಅವರು ಮೊದಲ ಎಲೆ ಎತ್ತಿದರು. ಬೆರಳಿನಿಂದ ಮುಟ್ಟಿದರು. ಕೆಂಪು ಬೊಟ್ಟನ್ನು ಹುಡುಕಿದರು, ಅದರ ಮೇಲೆ ಬೆರಳು ಜಾರಿತು.

“ಕಡೇ ಎಲೆನೂ ಹಾಕಿದ್ಯಾ ತಮಾ?”

“ಹೂಂ ಅಕ್ಕೋರೆ. ಎಲ್ಲಾ ಹಾಕ್ದೆ. ಒಂದೂ ಬಿಡ್ಲಿಲ್ಲ.”

ನನಗೆ ಆಗ ಹೊಳೆಯಿತು. ಹೇಳುತ್ತ ಹೇಳುತ್ತಲೇ ಹೊಳೆಯಿತು. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ನನಗೆ ಕಾಣಲಿಲ್ಲ.

“ಚಲೋ ಆಯ್ತು,” ಎಂದರು ಅಕ್ಕೋರು. ಕಟ್ಟು ಎತ್ತಿಕೊಂಡು, ಕೊಡೆಯನ್ನು ಅಲ್ಲೇ ಮರೆತು, ಮಳೆಯಲ್ಲೇ ಹೋದರು.

ಮರುದಿನ ಕೊಡೆ ಹಿಡಿದು ಅವರ ಮನೆಗೆ ಹೋದೆ. ಬಿಚ್ಚಿ ಕೊಡುತ್ತೇನೆ ಎಂದು ಒಂದು ಎಲೆಯ ಅಂಚಿಗೆ ಬ್ಲೇಡು ಹಾಕಿದೆ. ಪ್ಲಾಸ್ಟಿಕ್ಕಿನ ಜೊತೆ ದೇವಿಯ ಮುಖ ಎದ್ದು ಬಂತು, ಚಿನ್ನದ ಸಮೇತ. ಅಕ್ಕೋರ ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಬ್ಲೇಡು ಕೆಳಗಿಟ್ಟೆ. ಹೊಸ ಕಾಗದ ತರುತ್ತೇನೆ, ಬೇರೆಯೇ ಬರೆಯಿರಿ ಅಕ್ಕೋರೆ ಎಂದೆ.

“ಜಾಗ ಬಿಟ್ಟದ್ದು ಅಜ್ಜ. ಆ ಎಲೇಲಿ ಬಿಟ್ಟದ್ದು,” ಎಂದರು. “ಬೇರೆ ಕಡೆ ಬರದ್ರೆ ಅದು ನನ್ನ ಚಿತ್ರ ಆಗ್ತದೆ. ಪೋಥಿ ಆಗೂದಿಲ್ಲ.” ಸಿಟ್ಟು ಮಾಡಿ ಬೈದಿದ್ದರೆ ನಾನು ಬದುಕುತ್ತಿದ್ದೆ. ಬೈಯಲಿಲ್ಲ. ಚಾ ಕೊಟ್ಟು ಕಳಿಸಿದರು.

ಆ ಶ್ರಾವಣದಲ್ಲೂ ಓದು ನಡೆಯಿತು. ಕಡೆಯ ಎಲೆ ಬಂದಾಗ ಅಕ್ಕೋರು ಚೌಕದ ಮೇಲೆ ಹೂವಿಟ್ಟರು. ಪ್ಲಾಸ್ಟಿಕ್ಕಿನ ಮೇಲಿಂದ ಅದು ಜಾರಿ ಬಿತ್ತು. ಮತ್ತೆ ಇಟ್ಟರು, ಮತ್ತೆ ಜಾರಿತು. ಮೂರನೆಯ ಸಲ ಹೂವನ್ನು ಅಂಗೈಯಲ್ಲೇ ಹಿಡಿದುಕೊಂಡು ಕೂತರು. ಅಷ್ಟರಲ್ಲಾಗಲೇ ಎಲೆಗಳ ಒಳಗೆ ಕಂದು ಮಚ್ಚೆ ಎದ್ದಿತ್ತು. ಮಳೆಗಾಲದ ಹಸಿ ಕಾಗದವನ್ನು ಮುಚ್ಚಿದ್ದೆನಲ್ಲ, ತೇವ ಒಳಗೇ ಕೂತು ತಿನ್ನತೊಡಗಿತ್ತು. ಹೊರಗಿನ ಹುಳಕ್ಕೆ ಹೆದರಿ ಒಳಗೇ ಹುಳ ಇಟ್ಟು ಹೊಲಿದಂತಾಯಿತು. ಆಮೇಲೆ ಅಕ್ಕೋರು ಕುಂಚ ಮುಟ್ಟಲಿಲ್ಲ. ಗದ್ದೆಯ ಆಚೆಯಿಂದಲೇ ನನ್ನನ್ನು ಗುರುತಿಸಿ ಕೈ ಎತ್ತುತ್ತಿದ್ದರು, ಅಷ್ಟು ಚಲೋ ಕಣ್ಣು ಬಂದಿತ್ತು ಅವರಿಗೆ. ಆ ಕಣ್ಣಿಗೆ ಮಾಡುವ ಕೆಲಸವೇ ಇರಲಿಲ್ಲ. ಬಳಚಿನ ಚಿಪ್ಪುಗಳು ಬಾವಿಕಟ್ಟೆಯ ಮೇಲೆ ಮಳೆನೀರು ತುಂಬಿಕೊಂಡು ಬಿದ್ದಿರುತ್ತಿದ್ದವು.

ಒಂದೂವರೆ ವರ್ಷಕ್ಕೆ ಹೋದರು. ಎದೆನೋವು ಎಂದರು ಡಾಕ್ಟರರು. ಇರಬಹುದು...

ಕೆಟ್ಟ ಪೋಥಿಯನ್ನು ಮನೆಯಲ್ಲಿ ಇಡಬಾರದು, ನೀರಿಗೆ ಬಿಡಬೇಕು ಎನ್ನುವುದು ಹಿರಿಯರ ಮಾತು. ಸಾವಿನ ದಿನಕಾರ್ಯವೆಲ್ಲ ಮುಗಿದ ಮೇಲೆ ಅಕ್ಕೋರ ತಂಗಿ ನನ್ನನ್ನು ಕರೆದಳು. ಹಾರವಾಡದ ದಡಕ್ಕೆ ಹೋಗಿ, ಸೊಂಟದವರೆಗೆ ನೀರಿಗಿಳಿದು, ನಾನೇ ಕಟ್ಟು ಬಿಟ್ಟೆ. ಕಾಗದವಾಗಿದ್ದರೆ ನೆನೆದು, ಕರಗಿ, ಸಮುದ್ರ ಸೇರುತ್ತಿತ್ತು. ಮರದ ಹಲಗೆ ತೇಲಿಹೋಯಿತು. ಎಲೆಗಳು ಮಾತ್ರ ಒಂದೊಂದಾಗಿ ತೆರೆಯ ಮೇಲೆ ಹೊಳೆಯುತ್ತ ವಾಪಸು ಬಂದವು, ಚಿಪ್ಸ್ ಪಾಕೀಟು, ಹರಿದ ಬಲೆಗಳ ಜೊತೆ. ಒಂದು ಎಲೆಯನ್ನು ಮತ್ತೆ ಒಳಗೆ ಎಸೆದೆ. ಮತ್ತೆ ಬಂತು.

“ಸಮುದ್ರಕ್ಕೂ ಬ್ಯಾಡಾಯ್ತಾ ಇದು,” ಎಂದಳು ಆಕೆ. ನನ್ನ ಮುಖ ನೋಡದೆ ಮನೆಗೆ ನಡೆದಳು.

ಸಂಜೆಯವರೆಗೆ ದಡದಲ್ಲಿ ಅಲೆದು ಸಿಕ್ಕಷ್ಟನ್ನು ಹೆಕ್ಕಿದೆ. ಆವತ್ತಿನಿಂದ ಅವು ನನ್ನ ಮೇಜಿನ ಕೆಳಗಿನ ಡ್ರಾವರಿನಲ್ಲಿವೆ. ಅಕ್ಷರ ಕಂದಿದೆ, ಇಂಗಳೀಕ ಕಪ್ಪಾಗಿದೆ, ದೇವಿ ಸಿಕ್ಕಿದ ಚಿತ್ರಗಳಲ್ಲೆಲ್ಲ ಮಚ್ಚೆ ತಿಂದ ದೋಣಿಯಲ್ಲಿ ಕೂತಿದ್ದಾಳೆ. ಇಡೀ ಪೋಥಿಯಲ್ಲಿ ಕೆಡದೆ ಉಳಿದದ್ದು ಕಡೆಯ ಎಲೆಯ ಆ ಚೌಕವೊಂದೇ. ಬೆಳ್ಳಗೆ ಇದೆ.

ಕಿನ್ನರದವರಿಗೆ ಜಾತಕ ವಾಪಸು ಕೊಟ್ಟು, ಇದನ್ನು ಪ್ಲಾಸ್ಟಿಕ್ಕಿಗೆ ಹಾಕಿಸಬೇಡಿ, ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಂಗೆ ಮಾಡೂಕೆ ಮನಸಿಲ್ಲ ಅಂದ್ರೆ ಹಾಂಗೇ ಹೇಳು ಮಾರಾಯಾ,” ಎಂದು ಎದ್ದುಹೋದರು.

ಹತ್ತು ನಿಮಿಷಕ್ಕೆ ಪಕ್ಕದ ಅಂಗಡಿಯಿಂದ ಹೊರಬಂದರು. ಜಾತಕ ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಮನುಷ್ಯ, ನನಗೂ ತೋರಿಸಲೆಂದು ಬಾಗಿಲಿಗೆ ಬಂದು ಎತ್ತಿ ಹಿಡಿದರು. ಗೋಂದಿನ ತೇಪೆಯ ಸುತ್ತ ಸಣ್ಣಗೆ ಗುಳ್ಳೆ ಎದ್ದಿತ್ತು. ಅವರಿಗೆ ಅದು ಕಂಡಿರಲಿಲ್ಲ.

“ನೋಡು, ಹೆಂಗಾಯ್ತು?” ಎಂದು ಕೇಳಿದರು.

“ಚಲೋ ಆಯ್ತು,” ಎಂದೆ.