ಬಂಡೆಯೊಳಗಿನ ಜೇನು

ಆನೆ ಹುಲಿ ನೋಡಬೇಕೆಂದು ಜನ ಹೆಗ್ಗಡದೇವನಕೋಟೆಯ ಆಚೆಯ ದೊಡ್ಡ ಕಾಡಿಗೆ ಹೋಗುತ್ತಾರೆ. ನಾನು ದುಡಿದದ್ದು ಆ ಕಾಡಿನಲ್ಲಲ್ಲ. ಕೋಟೆಗೂ ಹುಣಸೂರಿಗೂ ನಡುವೆ ಬೋಳು ಬಂಡೆಯ ಗುಡ್ಡಗಳಿವೆ. ನೀರಿಲ್ಲ, ನೆರಳಿಲ್ಲ, ಕಾರೆಮುಳ್ಳು, ಕತ್ತಾಳೆ, ಅಲ್ಲೊಂದು ಇಲ್ಲೊಂದು ಕಗ್ಗಲಿ ಮರ. ಶಿವರಾತ್ರಿ ಕಳೆಯಿತೆಂದರೆ ಹಗಲಲ್ಲಿ ಆ ಬಂಡೆಯ ಮೇಲೆ ಬರಿಗಾಲು ಊರಲಾಗುವುದಿಲ್ಲ. ಅಂಥ ಕಡೆ ಸಂಸಾರ ಮಾಡುವ ಪ್ರಾಣಿಗಳ ಮೇಲೆ ನನಗೆ ಮೊದಲಿನಿಂದಲೂ ಗೌರವ. ಚಿರತೆ ಮಲಗಿದ್ದ ಬಂಡೆಗೂ ಬರಿಯ ಬಂಡೆಗೂ ಎಷ್ಟೋ ಸಲ ವ್ಯತ್ಯಾಸವೇ ತಿಳಿದಿಲ್ಲ. ಬಾಲ ಆಡಿದ ಮೇಲೆ ತಿಳಿದದ್ದುಂಟು. ಚಪ್ಪಡಿ ಎತ್ತಿದರೆ ಅಡಿಯಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿರುತ್ತಿತ್ತು. ಅದನ್ನು ಕಂಡು ಹಿಂದೆ ಸರಿಯುತ್ತಲೇ, ಮೈಮೇಲಿನ ಆ ಸರಪಳಿ ಚಿತ್ತಾರವನ್ನು ಯಾವ ಕಸುಬಿನವನೂ ಬಿಡಿಸಲಾರ ಎಂದುಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ಹೆದರಬೇಕಾದ್ದು ಕರಡಿಗೆ. ಹುಲಿ ಮನುಷ್ಯನ ವಾಸನೆ ಬಡಿದರೆ ಮಗ್ಗುಲಾಗಿ ಹೋಗುತ್ತದೆ. ಕರಡಿ ಎದುರಿಗೇ ಸಿಕ್ಕರೆ ಎರಡು ಕಾಲ ಮೇಲೆ ಎದ್ದು ಮುಖಕ್ಕೇ ಕೈ ಹಾಕುತ್ತದೆ. ನಮ್ಮ ಕಡೆಯ ಸಂತೆಗಳಲ್ಲಿ ಒಂದು ಕಣ್ಣು, ಅರ್ಧ ಮೂಗಿನ ಜನ ಒಬ್ಬರಾದರೂ ಕಾಣುತ್ತಿದ್ದರು. ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟು ಸುತ್ತಿಗೆ ಹಿಡಿದವನು. ಅದಕ್ಕೆ ನನಗೆ ಬೇಸರವಿಲ್ಲ. ಓದಿದವರ ಮನೆಯ ಹೊಸ್ತಿಲ ಕಲ್ಲನ್ನೂ ನಾನೇ ಕೂರಿಸಿದ್ದೇನೆ, ಅವರು ದಿನಾ ನನ್ನ ಕೆಲಸ ದಾಟಿಯೇ ಒಳಗೆ ಹೋಗಬೇಕು. ಆಗ ಬಂಡೆಯಿಂದ ಚಪ್ಪಡಿ ಎಬ್ಬಿಸಲು ಮದ್ದು ಸಿಡಿಸುತ್ತಿರಲಿಲ್ಲ, ಬೆಂಕಿ ಕೊಡುತ್ತಿದ್ದೆವು. ಬಂಡೆಯ ಮೇಲೆ ಸೌದೆ ಒಟ್ಟಿ ಉರಿಸಿದರೆ ಕಾವಿಗೆ ಮೇಲಿನ ಪದರ ಹಿಗ್ಗಿ ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಷ್ಟೂ ಬೆಂಕಿಯನ್ನು ಮುಂದಕ್ಕೆ ಸರಿಸುತ್ತಾ ಹೋಗಬೇಕು. ಎಲ್ಲಿಯವರೆಗೆ ಬಿಟ್ಟಿದೆ ಎಂಬುದು ಕಣ್ಣಿಗೆ ಕಾಣದು. ಗುಂಡುಕಲ್ಲಿನಲ್ಲಿ ತಟ್ಟಿ, ಕಿವಿ ಇಟ್ಟು ಕೇಳಬೇಕು. ಅಂಟಿಕೊಂಡ ಕಲ್ಲು ಟಣ್ ಎನ್ನುತ್ತದೆ, ಬಿಟ್ಟ ಕಲ್ಲು ದೊಬ್ ಎನ್ನುತ್ತದೆ. ಕಲ್ಲು ಕೆಲಸದವನಿಗೆ ಕೈಗಿಂತ ಕಿವಿ ದೊಡ್ಡದು.

ಇನ್ನೊಂದು ರೂಢಿ ಇತ್ತು. ಬೆಳಿಗ್ಗೆ ಗುಡ್ಡ ಹತ್ತುವ ಮೊದಲು ಬುಡದಲ್ಲಿ ನಿಂತು ಹಾರೆಯನ್ನು ಬಂಡೆಗೆ ಕುಟ್ಟಿ ಸದ್ದು ಮಾಡಬೇಕು. ನಾವು ಬಂದಿದ್ದೇವೆ, ಎದ್ದು ಹೋಗುವವರು ಹೋಗಿ ಎಂದು ಅದರ ಅರ್ಥ. ಕುಟ್ಟಿ, ಒಂದು ಬೀಡಿ ಸೇದಿ, ಆಮೇಲೆ ಹತ್ತುತ್ತಿದ್ದೆವು.

ನಾನು ಹೇಳುವುದು ಐವತ್ತೈದೋ ಐವತ್ತಾರೋ ಇಸವಿಯ ಮಾತು. ನನ್ನ ಹೆಂಡತಿಯ ಅಣ್ಣ ನನ್ನ ಜೊತೆಯಲ್ಲೇ ಕಲ್ಲು ಕೆಲಸ ಮಾಡುತ್ತಿದ್ದ. ಒಂದೇ ವಯಸ್ಸಿನವರು, ನಾನು ಅವನಿಗೆ ಭಾವ, ಅವನು ನನಗೆ ಭಾವ. ಅವನ ಊರು ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥಕ್ಕೆ ಸೇರುವ ಒಂದು ಹಳ್ಳದ ಆಚೆ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಮೇಕೆ ಮಲಗುತ್ತವೆ. ಮಳೆ ಹಿಡಿದರೆ ಎತ್ತು ಕೂಡ ನಿಲ್ಲುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಭಾವನ ಹೆಂಡತಿಗೆ ನೋವು ಬಂದಾಗ ಸೂಲಗಿತ್ತಿ ಈಚೆ ದಡದಲ್ಲಿ ನಿಂತೇ ಇದ್ದಳು. ನೀರು ಇಳಿದು ಆಕೆ ಮನೆ ಮುಟ್ಟುವ ಹೊತ್ತಿಗೆ ಮಗು ಉಳಿದಿರಲಿಲ್ಲ. ಈಗ ಆ ಹೆಣ್ಣುಮಗಳು ಮತ್ತೆ ಬಸುರಿ, ಆರಿದ್ರಾ ಮಳೆಯ ಹೊತ್ತಿಗೆ ಹೆರಿಗೆ. ಅಷ್ಟರೊಳಗೆ ಹಳ್ಳಕ್ಕೆ ಅಡ್ಡ ಒಂದು ಚಪ್ಪಡಿ ಹಾಸಿಯೇ ತೀರುತ್ತೇನೆ ಎಂದು ಊರವರೆದುರು ಮಾತು ಕೊಟ್ಟಿದ್ದೆ. ಅಷ್ಟುದ್ದದ ಒಂದೇ ಕಲ್ಲು ಎಲ್ಲೈತಪ್ಪ ಎಂದು ಊರ ಗೌಡರು ನಕ್ಕಿದ್ದರು.

ಇತ್ತು. ಗುಡ್ಡದ ಪಡುವಣ ಮಗ್ಗುಲಲ್ಲಿ, ಒಂದು ಬಿರುಕಿಲ್ಲದೆ ಹಾಸಿಕೊಂಡಿದ್ದ ಪದರ. ತಟ್ಟಿದರೆ ಬೆಂಕಿ ಕೊಡುವ ಮೊದಲೇ ದೊಬ್ ಎನ್ನುತ್ತಿತ್ತು, ಅಡಿಯಲ್ಲಿ ಟೊಳ್ಳು. ಅರ್ಧ ಕೆಲಸ ದೇವರೇ ಮಾಡಿಟ್ಟಿದ್ದಾನೆ ಎಂದು ನಾನು ಹಿಗ್ಗಿದೆ. ಸೌದೆ ಹೊತ್ತು ಒಟ್ಟಿದೆವು. ಬೆಂಕಿ ಕೊಡುವ ದಿನ ಬೆಳಿಗ್ಗೆ ಭಾವ ಕೊನೆಯ ಸಲ ಬಂಡೆಗೆ ಕಿವಿ ಇಟ್ಟವನು ಏಳಲೇ ಇಲ್ಲ.

"ನಿದ್ದೆ ಬಂತಾ ಭಾವ?" ಎಂದೆ.

"ಸುಮ್ಕಿರು. ಒಳಗೆ ಗುಂಯ್ ಅಂತದೆ."

ನಾನೂ ಕಿವಿ ಇಟ್ಟೆ. ನಿಜ. ಕಲ್ಲಿನ ಆಳದಿಂದ ಒಂದೇ ಸಮನೆ ಗುಂಯ್‌ಗುಟ್ಟುವ ಸದ್ದು, ನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು.

"ಜೇನು ಕಣ ಭಾವ. ದೊಡ್ಡ ಹುಟ್ಟೇ ಐತೆ," ಎಂದ ಭಾವ. "ನಮ್ಮೋಳು ತಿಂಗಳಿಂದ ಜೇನು ಜೇನು ಅಂತ ಬಾಯಿ ಬಿಡ್ತಾವ್ಳೆ. ಬೆಂಕಿ ಕೊಟ್ರೆ ಎಲ್ಲಾ ಸುಟ್ಟೋಯ್ತದೆ. ಮೊದ್ಲು ಕಿತ್ಕೊಂಡ್ ಬತ್ತೀನಿ ತಡಿ."

"ಹೆಂಡ್ತಿ ಬಯಕೆಗೆ ಹೋಗಿ ಮುಖ ಊದಿಸ್ಕೊಂಡು ಬಂದ್ರೆ ಅವಳೇ ಗುರುತು ಹಿಡಿಯಕಿಲ್ಲ."

"ಈಗ್ಲೇನು ರಾಜಕುಮಾರನಂಗೆ ಇದ್ದೀನಾ?" ಎಂದು ನಗುತ್ತಾ ಭಾವ ಒಣಹುಲ್ಲಿನ ಸೂಡಿ ಕಟ್ಟಿಕೊಂಡು ಬಂಡೆಯ ಕೆಳಗಿಳಿದ. ಅಲ್ಲಿ ಒಂದು ಕೈ ಹೋಗುವಷ್ಟು ಸಂದು ಇತ್ತು. ಸೂಡಿಗೆ ಬೆಂಕಿ ಹಚ್ಚಿ, ಉರಿ ಆರಿಸಿ, ಹೊಗೆಯನ್ನು ಒಳಗೆ ಊದಿದ.

ಹಾರೆಯ ಸದ್ದಿಗೆ ಎಲ್ಲ ಪ್ರಾಣಿಗಳೂ ಎದ್ದು ಹೋಗುತ್ತವೆ ಎಂದು ನಂಬಿದ್ದೆವು. ಹಾಲು ಕುಡಿಸುತ್ತಿರುವ ತಾಯಿ ಎಲ್ಲಿಗೆ ಹೋದೀತು? ಕರಡಿ ಮರಿ ಹಾಲು ಕುಡಿಯುವಾಗ ಜೇನಿನ ಹಾಗೆ ಗುಂಯ್‌ಗುಟ್ಟುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅಡಿಯ ಟೊಳ್ಳೇ ಕರಡಿಯ ಗವಿ, ಅದರ ಬಾಯಿ ಬಂಡೆಯ ಇನ್ನೊಂದು ಪಕ್ಕದಲ್ಲಿ, ಲಂಟಾನದ ಪೊದೆಯ ಹಿಂದಿತ್ತು.

ಮೇಲೆ ನಿಂತಿದ್ದ ನನಗೆ ಮೊದಲು ಪೊದೆ ಸೀಳಿದ್ದು ಕಂಡಿತು. ಆಮೇಲೆ ಕಪ್ಪು ರಾಶಿಯೊಂದು ಬಂಡೆಯನ್ನು ಸುತ್ತಿ ಬಂತು. ಅಷ್ಟು ದಪ್ಪನೆಯ ಮೈ ಅಷ್ಟು ಬೇಗ ಹೊರಳುತ್ತದೆಂದು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. "ಭಾವ, ಹಿಂದೆ" ಎನ್ನುವಷ್ಟರಲ್ಲಿ ಅದು ಎದ್ದು ನಿಂತಿತ್ತು. ಎದೆಯ ಮೇಲಿನ ಬಿಳಿಯ ಪಟ್ಟೆ ಇಂದಿಗೂ ನನ್ನ ಕಣ್ಣಲ್ಲಿದೆ. ಒಂದು ಏಟಿಗೆ ಭಾವನ ತಲೆಗೆ ಸುತ್ತಿದ್ದ ದಪ್ಪ ವಸ್ತ್ರ ಕಿತ್ತುಬಂತು. ಅದಿಲ್ಲದಿದ್ದರೆ ತಲೆಯ ಚರ್ಮವೇ ಬರುತ್ತಿತ್ತು. ಇನ್ನೊಂದು ಏಟು ಎಡಗೈಯನ್ನು ಭುಜದಿಂದ ಮೊಣಕೈವರೆಗೆ ಉತ್ತುಹಾಕಿತು. ಭಾವ ಬಿದ್ದ. ಕರಡಿ ಮೇಲೆ ಬಿತ್ತು. ನಾನು ಹಾರೆಯನ್ನು ಬಂಡೆಗೆ ಕುಟ್ಟಿದೆ, ಕೂಗಿದೆ, ಸೌದೆ ಎಸೆದೆ. ಅದು ತಲೆ ಎತ್ತಿಯೂ ನೋಡಲಿಲ್ಲ.

ಆಗ ಬಂಡೆಯೊಳಗಿನಿಂದ ಸಣ್ಣದೊಂದು ಚೀರು ಬಂತು. ಹೊಗೆ ತುಂಬಿದ ಗವಿಯಲ್ಲಿ ಮರಿ ಕೂಗಿದ್ದು. ಕರಡಿ ಕೈಗೆ ಸಿಕ್ಕಿದ್ದ ಮನುಷ್ಯನನ್ನು ಅಲ್ಲೇ ಬಿಟ್ಟಿತು. ಹೊಗೆ ಕಾರುತ್ತಿದ್ದ ಗವಿಯ ಬಾಯಿಗೆ ಒಂದು ಗಳಿಗೆಯೂ ಅನುಮಾನಿಸದೆ ನುಗ್ಗಿತು. ನಾನು ಇಳಿದು ಭಾವನನ್ನು ಬಂಡೆಯ ಮೇಲಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅದು ಕೆಮ್ಮುತ್ತಾ ಹೊರಗೆ ಬಂದಿತ್ತು. ಬೆನ್ನ ಮೇಲೆ ಎರಡು ಮರಿ, ಉದ್ದ ಕೂದಲನ್ನು ಮುಷ್ಟಿ ಹಿಡಿದು ಅವುಚಿಕೊಂಡಿದ್ದವು. ನಾವು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ ಕಡಿದಾದ ಬಂಡೆಯಲ್ಲಿ ಆ ತಾಯಿ ಮರಿಗಳು ಜಾರದ ಹಾಗೆ ಮೈಯನ್ನು ಓರೆ ಮಾಡಿಕೊಂಡು, ಹೆಜ್ಜೆ ಹೆಜ್ಜೆಗೂ ಉಗುರು ಊರುತ್ತಾ ಇಳಿದು ಹೋಯಿತು. ಭಾವನ ರಕ್ತ ನನ್ನ ಪಂಚೆಯನ್ನೆಲ್ಲ ನೆನೆಸುತ್ತಿತ್ತು. ಆದರೂ ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

"ಎಂಗೆ ಹೊತ್ಕೊಂಡ್ ಹೋಯ್ತು ನೋಡು," ಎಂದ ಭಾವ. ಆಮೇಲೆ ಜ್ಞಾನ ತಪ್ಪಿತು.

ನಮ್ಮ ಕಲ್ಲು ಸಾಗಿಸುತ್ತಿದ್ದ ಗಾಡಿ ಹುಣಸೂರಿನ ಸಾಬರೊಬ್ಬರದು. ಅದೇ ಗಾಡಿಯಲ್ಲಿ ಭಾವನನ್ನು ಆಸ್ಪತ್ರೆಗೆ ಸೇರಿಸಿದೆವು. ಕೈಗೆ ಹೊಲಿಗೆ ಬಿತ್ತು, ಜೀವ ಉಳಿಯಿತು. ಯುಗಾದಿ ಕಳೆದು ಭಾವ ಓಡಾಡುವಂತಾದ ಮೇಲೆ ನಾನು, ಭಾವ, ಸಾಬರು ಮೂವರೂ ಮತ್ತೆ ಗುಡ್ಡದ ಬುಡಕ್ಕೆ ಹೋದೆವು. ನಾನು ಹಾರೆ ಕುಟ್ಟಿದೆ. ಹತ್ತಿ ಹೋಗಿ, ಒಟ್ಟಿದ ಸೌದೆಯ ಪಕ್ಕದಲ್ಲಿ ಮೆಲ್ಲಗೆ ಬಂಡೆಗೆ ಕಿವಿ ಇಟ್ಟೆ.

ಗುಂಯ್ ಎನ್ನುತ್ತಿತ್ತು. ಮರಿಗಳನ್ನು ಹೊತ್ತು ತಾಯಿ ವಾಪಸು ಬಂದಿತ್ತು.

ಕೆಳಗಿಳಿದು ಹೇಳಿದಾಗ ಸಾಬರು ಮೀಸೆ ತಿರುವಿದರು. "ಮೇಸ್ತ್ರಿ, ನಮ್ ಚಿಕ್ಕಪ್ಪನ್ ತಾವ ಕೋವಿ ಐತೆ. ಒಂದ್ ಮಾತು ಹೇಳಿ, ನಾಳೆಗೆ ಜಾಗ ಖಾಲಿ ಮಾಡ್ಸಿ ಕೊಡ್ತೀನಿ."

"ಬ್ಯಾಡಿ ಸಾಬರೇ," ಎಂದೆ. "ತಾನಾಗಿ ಹೋಗ್ಲಿ, ಕಾಯನ."

"ಮಳೆ ಕಾಯ್ತದಾ? ಅದು ಕರಡಿ ಕಣ್ರೀ, ನಿಮ್ಮತ್ತೆ ಅಲ್ಲ, ಕೈ ಮುಗ್ದು ಮನೆ ಬುಡ್ಸಕ್ಕೆ."

"ಅವರತ್ತೆ ಅಂದ್ರೆ ನಮ್ಮವ್ವ ಕಣ್ರೀ," ಎಂದ ಭಾವ. "ಬಾಯಿಗೆ ಬಂದಂಗೆ ಆಡ್ಬ್ಯಾಡಿ."

ಸಾಬರು ನಾಲಿಗೆ ಕಚ್ಚಿಕೊಂಡು ನಕ್ಕರು. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಮಳೆ ಕಾಯುವುದಿಲ್ಲ, ಹೆರಿಗೆಯೂ ಕಾಯುವುದಿಲ್ಲ. ನಾನು ಭಾವನ ಮುಖ ನೋಡಿದೆ. ಕೈ ಹರಿಸಿಕೊಂಡವನು ಅವನು, ಮನೆಯಲ್ಲಿ ಬಸುರಿ ಇದ್ದದ್ದೂ ಅವನಿಗೇ. ಕೋವಿ ತರಿಸು ಎಂದಿದ್ದರೆ ನಾನು ಬೇಡ ಎನ್ನುವ ಹಾಗಿರಲಿಲ್ಲ.

ಭಾವ ಬಲಗೈಯಲ್ಲಿ ಬೀಡಿ ಹಚ್ಚಲು ಹೆಣಗಾಡುತ್ತಾ ಕೇಳಿದ. "ಆ ಚಪ್ಪಡೀನ ಪೂರ್ತಿ ಎಬ್ಬಿಸ್ದೆ, ಗವಿಯಿಂದ ಈಚೆಗೆ ಅರ್ಧ ಎಬ್ಬಿಸ್ಬೋದಾ?"

"ಎಬ್ಬಿಸ್ಬೋದು. ಹಳ್ಳಕ್ಕೆ ಎಟುಕಲ್ಲ."

"ಅದನ್ನೇ ಉದ್ದುದ್ದ ಸೀಳಿ ಎರಡು ತುಂಡು ಮಾಡಿ, ತುದಿಗೆ ತುದಿ ಇಟ್ಟು, ಮಧ್ಯಕ್ಕೊಂದು ಕಲ್ಲುಕಟ್ಟೆ ಎತ್ತುದ್ರೆ?"

"ಹಳ್ಳದ ತಳ ಅಗ್ದು, ಬಂಡೆ ಸಿಕ್ಕೋವರ್ಗೂ ಪಾಯ ತೋಡ್ಬೇಕು. ನಿಂಗೆ ಒಂದ್ ಕೈ ಇಲ್ಲ."

"ನನ್ ಕೈ ಇಲ್ದಿದ್ರೆ ಊರ್ನೋರ್ ಕೈ ಇಲ್ವಾ? ಹೊಗೆ ಹಾಕಿ ಓಡ್ಸುದ್ರೂ ಅದೇ ಮನೆಗೇ ಮಕ್ಳ್ ಹೊತ್ಕೊಂಡ್ ಬಂದವ್ಳೆ. ನಮ್ಮೋಳಿಗೂ ಈಗ ಅಂತಾದ್ದೇ ಒಂದು ಕಾಲ. ಬುಡು ಭಾವ, ಕಟ್ಟೆ ಕಟ್ಟನ."

ಒಂದೇ ಕಲ್ಲು ಹಾಸಿ ಗೌಡರ ನಗು ನಿಲ್ಲಿಸಬೇಕೆಂದಿದ್ದವನು ನಾನು. ಆ ಉದ್ದದ ಆಸೆ ಬಿಡಲು ನನಗೆ ಒಂದು ಬೀಡಿ ಸೇದುವಷ್ಟು ಹೊತ್ತು ಬೇಕಾಯಿತು. ಸಾಬರೂ ಒಪ್ಪಿ ಎತ್ತು ಬಿಚ್ಚಿದರು. ಗವಿಗೆ ಕಾವು ತಾಗದಷ್ಟು ದೂರ ಬಿಟ್ಟು, ಈಚಿನ ತುದಿಗೆ ಸಣ್ಣ ಬೆಂಕಿ ಕೊಟ್ಟು, ತಾಳ್ಮೆಯಿಂದ ಕಲ್ಲು ಎಬ್ಬಿಸಿದೆವು. ಗಾಳಿ ಗವಿಯ ಕಡೆ ತಿರುಗಿದರೆ ಬೆಂಕಿ ಆರಿಸಿ ಕೂರುತ್ತಿದ್ದೆವು. ನನ್ನ ಕಸುಬಿನಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಕಲ್ಲನ್ನೂ ಎತ್ತಿದ್ದಿಲ್ಲ. ಒಂದು ಬೆಳಿಗ್ಗೆ ಕಿವಿ ಇಟ್ಟರೆ ಸದ್ದು ನಿಂತಿತ್ತು. ಮರಿಗಳು ಬೆಳೆದು ತಾಯಿಯ ಜೊತೆ ಹೊರಟಿದ್ದವು. ಪೂರ್ತಿ ಚಪ್ಪಡಿ ಎಬ್ಬಿಸಲು ಆಗ ಅಡ್ಡಿ ಇರಲಿಲ್ಲ. ಆದರೆ ನಮ್ಮ ತುಂಡುಗಳು ಆಗಲೇ ಗಾಡಿ ಏರಿದ್ದವು, ಹಳ್ಳದಲ್ಲಿ ಕಟ್ಟೆ ಮೊಣಕಾಲೆತ್ತರ ಬಂದಿತ್ತು. ಆ ಗವಿಯ ಸೂರಿಗೆ ಆಮೇಲೆಯೂ ನಾನು ಸುತ್ತಿಗೆ ತಾಗಿಸಲಿಲ್ಲ. ಇನ್ನೊಂದು ವರ್ಷಕ್ಕೆ ಅದಕ್ಕೆ ಮತ್ತೆ ಬೇಕಾದೀತು ಎಂದುಕೊಂಡೆ.

ಊರಿನ ಗಂಡಸರು ಹೆಂಗಸರು ಎಲ್ಲ ಸೇರಿ ಪಾಯ ತೋಡಿದರು, ಗೌಡರೂ ಮಣ್ಣಿನ ಬುಟ್ಟಿ ಎತ್ತಿದರು. ಆರಿದ್ರಾ ಮಳೆ ಹಿಡಿದಾಗ ಹಳ್ಳ ಕೆಂಪಗೆ ತುಂಬಿ, ನಮ್ಮ ಕಟ್ಟೆಗೆ ಬಡಿದು ಎರಡಾಗಿ ಹರಿಯಿತು. ಸೂಲಗಿತ್ತಿ ಮಳೆಗೆ ಓಲೆಯ ಗೊರಗ ಹೊದ್ದು, ಎಲೆಅಡಿಕೆ ಅಗಿಯುತ್ತಾ ಚಪ್ಪಡಿಯ ಮೇಲೆ ನಡೆದು ಬಂದಳು. ನಡುಮಧ್ಯೆ ನಿಂತು ಕಾಲಲ್ಲಿ ಒಮ್ಮೆ ಕುಟ್ಟಿ ನೋಡಿದಳು. "ಗಟ್ಟಿ ಐತೆ," ಎಂದಳು.

ಹುಟ್ಟಿದ್ದು ಹೆಣ್ಣು. ನಾನು ನೋಡಲು ಹೋದಾಗ ಭಾವ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ, ಸುಕ್ಕುಗಟ್ಟಿದ ಎಡಗೈ ತೊಡೆಯ ಮೇಲೆ. ಒಳಗಿನ ಕೋಣೆಯಲ್ಲಿ ಮಗು ಹಾಲು ಕುಡಿಯುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಸುಮ್ಮನಿರು ಎಂದು ಕೈ ಮಾಡಿ, ಬಂಡೆಗೆ ಇಡುತ್ತಿದ್ದ ಹಾಗೆಯೇ ಗೋಡೆಗೆ ಕಿವಿ ಇಟ್ಟ.

"ಜೇನು," ಎಂದ.